ಡಿಕ್ರಿಯ ನಕಲು: ರೂಪಾಳಿಗೆ ದೊಡ್ಡಮ್ಮನ ಪತ್ರ

ಹಾಸನ

ಚಿ. ರೂಪಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಹ್ಞೂಂ ಉಹ್ಞೂಂ ಅಂದು ಮಾತು ತೇಲಿಸಿದೆ. ದೊಡ್ಡಪ್ಪ ಪಕ್ಕದಲ್ಲೇ ಕೂತಿದ್ದರು. ಅವರ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ತಲುಪಿರುತ್ತದೆ. ಅದಕ್ಕೇ ಈ ಪತ್ರ.

ಬಂದಿರುವ ಸಂಬಂಧ ನಿನಗೆ ಒಪ್ಪಿಗೆ, ಹುಡುಗನಿಗೆ ಹಿಂದೊಂದು ಮದುವೆಯಾಗಿ ವಿಚ್ಛೇದನ ಆಗಿದೆ, ಅದು ನಿಜವೋ ಅಲ್ಲವೋ ತಿಳಿಯಬೇಕು. ಇಷ್ಟೂ ಸರಿ. "ನೀವು ಕೋರ್ಟಿನಲ್ಲಿದ್ದವರು, ದಾವಣಗೆರೆಯಲ್ಲಿ ಯಾರಾದರೂ ಪರಿಚಯದವರನ್ನು ಹಿಡಿದು ಗುಟ್ಟಾಗಿ ಫೈಲು ನೋಡಿಸಿ" ಅಂದೆಯಲ್ಲ, ಅದು ಸರಿಯಲ್ಲ. ಪರಿಚಯದವರು ಇದ್ದಾರೆ. ಆದರೆ ಕೇಳುವುದಿಲ್ಲ. ನಿವೃತ್ತಿಯಾಗುವವರೆಗೂ ನಕಲು ಶಾಖೆಯಲ್ಲೇ ಕೂತವಳು ನಾನು. ಇನ್ನೊಬ್ಬರ ಸಂಸಾರದ ಕಾಗದವನ್ನು ಹಿಂಬಾಗಿಲಿನಿಂದ ತೆಗೆಸಿದರೆ ಕೆಲಸದಲ್ಲಿರುವ ಹುಡುಗರ ಅನ್ನಕ್ಕೆ ಕಲ್ಲು ಬೀಳುತ್ತದೆ. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಪ್ರಕಾರ ಇಂಥ ವಿಚಾರಣೆ ಸಾರ್ವಜನಿಕರನ್ನು ಹೊರಗಿಟ್ಟು ನಡೆಯುವಂಥದ್ದು. ಅದರ ವಿವರ ಪ್ರಕಟಿಸಿದರೆ 1,000 ರೂಪಾಯಿವರೆಗೆ ದಂಡವಿದೆ. ದಂಡ ಚಿಕ್ಕದಿರಬಹುದು, ಅದರ ಹಿಂದಿನ ಉದ್ದೇಶ ಚಿಕ್ಕದಲ್ಲ. ನಾಳೆ ನಿನ್ನ ಕೈಗೆ ಆ ತೀರ್ಪು ಬಂದಾಗಲೂ ಇದು ನೆನಪಿರಲಿ, ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಹಾಕಿಬಿಡಬೇಡ.

ನಿನಗೆ ನಾನು ಹೇಳುವುದು ಇಷ್ಟೇ. ಆ ಹುಡುಗನನ್ನೇ ಕೇಳು, ಬಾಯಿಬಿಟ್ಟು ಕೇಳು. "ತೀರ್ಪು ಮತ್ತು ಡಿಕ್ರಿ, ಎರಡರ ದೃಢೀಕೃತ ನಕಲು ತೋರಿಸಿ" ಅನ್ನು. ತೀರ್ಪೆಂದರೆ ನ್ಯಾಯಾಧೀಶರು ಕಾರಣ ಸಮೇತ ಬರೆದದ್ದು, ಡಿಕ್ರಿ ಎಂದರೆ ಅದರ ಕೊನೆಯ ತೀರ್ಮಾನವನ್ನಷ್ಟೇ ಹೇಳುವ ಕೋರ್ಟಿನ ಕಾಗದ. ಅವನು ಕೇಸಿನ ಪಕ್ಷಗಾರ. ನಕಲು ಪಡೆಯುವುದಕ್ಕೆ ಅವನು ಯಾರಿಗೂ ಕಾರಣ ಹೇಳಬೇಕಾಗಿಲ್ಲ. ನೀನು ಅರ್ಜಿ ಹಾಕಿದರೆ ಹೊರಗಿನವಳಾಗುತ್ತೀಯ. ಏಕೆ ಬೇಕೆಂದು ಅಫಿಡವಿಟ್ ಕೊಡಬೇಕು, ನ್ಯಾಯಾಧೀಶರು ಒಪ್ಪಿ ಆದೇಶ ಮಾಡಬೇಕು. ಗಂಡ ಹೆಂಡಿರ ಪ್ರಕರಣದಲ್ಲಿ ಅಂಥ ಒಪ್ಪಿಗೆ ಸುಲಭಕ್ಕೆ ಸಿಗುವುದಿಲ್ಲ, ಸಿಗಲೂಬಾರದು. ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ ಅಂತ ನಿನ್ನ ತಮ್ಮ ಎಗರಾಡುತ್ತಿದ್ದನಂತೆ. ಕೋರ್ಟಿನ ನಕಲನ್ನು ಕೋರ್ಟಿನ ನಿಯಮದ ಪ್ರಕಾರವೇ ಪಡೆಯಬೇಕು, ಮಾಹಿತಿ ಹಕ್ಕಿನ ಅರ್ಜಿಯಲ್ಲಲ್ಲ ಎಂದು ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿಯಾಗಿದೆ. ಅವನಿಗೆ ಸುಮ್ಮನಿರಲು ಹೇಳು.

ನೀನಾಗಿಯೇ ನೋಡಬಹುದಾದದ್ದು ಒಂದಿದೆ: ಇ-ಕೋರ್ಟ್ಸ್ ಜಾಲತಾಣ, ಇಲ್ಲವೇ ಅದರ ಆ್ಯಪ್. ಕೇಸ್ ನಂಬರ್ ಗೊತ್ತಿದ್ದರೆ ಯಾವ ಕೋರ್ಟು, ಯಾವ ದಿನ ವಿಲೇವಾರಿ ಆಯಿತು ಎನ್ನುವಷ್ಟು ಸಾಮಾನ್ಯವಾಗಿ ಸಿಗುತ್ತದೆ. ನಮ್ಮಲ್ಲಿ ವಿಚ್ಛೇದನದ ಅರ್ಜಿಗೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ಎಂದು ನಂಬರ್ ಬೀಳುತ್ತದೆ, ಮುಂದೆ ಕ್ರಮಸಂಖ್ಯೆ, ಓರೆಗೆರೆ, ವರ್ಷ. ಇದರ ಜೊತೆ ಸಿ.ಎನ್.ಆರ್. ಅಂತ 16 ಅಕ್ಷರ ಅಂಕಿಗಳ ಒಂದು ಸಂಖ್ಯೆ ಇರುತ್ತದೆ. ಕರ್ನಾಟಕದ್ದಾದರೆ 'ಕೆ ಎ' ಅಕ್ಷರಗಳಿಂದ ಶುರು, ಕೊನೆಯ ನಾಲ್ಕು ಅಂಕಿ ವರ್ಷ. ಅದೊಂದು ಸಿಕ್ಕರೆ ಬೇರೇನೂ ಹುಡುಕಬೇಕಿಲ್ಲ. ಹೆಸರಿನ ಮೇಲೆ ಹುಡುಕಲು ಹೋದರೆ ಮಾತ್ರ ತಲೆ ಕೆಡುತ್ತದೆ. ಮಂಜುನಾಥ ಅಂತ ಹಾಕಿದರೆ ಅರ್ಧ ಜಿಲ್ಲೆಯೇ ಎದ್ದು ಬರುತ್ತದೆ. ಇಂಗ್ಲಿಷಿನಲ್ಲಿ ಕೊನೆಗೆ 'ಎ' ಇದೆಯೋ ಇಲ್ಲವೋ, ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ, ವಕೀಲರ ಗುಮಾಸ್ತರು ಬರೆದದ್ದೇ ಅಲ್ಲಿ ವೇದವಾಕ್ಯ. ಅಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಹುಡುಗ ಸುಳ್ಳು ಹೇಳಿದ ಎಂದುಕೊಳ್ಳಬೇಡ. ಹಳೆಯ ಕೇಸುಗಳೆಲ್ಲ ಕಂಪ್ಯೂಟರಿಗೆ ಏರಿಲ್ಲ. ಏರಿದ್ದರೂ ಕುಟುಂಬ ಪ್ರಕರಣದ ತೀರ್ಪು ಓದಲು ಸಿಗದಿರಬಹುದು.

ಹುಡುಗ ದಾವಣಗೆರೆಯವನು ಎಂದು ಕೇಸೂ ದಾವಣಗೆರೆಯಲ್ಲೇ ನಡೆದಿರುತ್ತದೆ ಎಂದುಕೊಂಡಿದ್ದೀಯ. ಹಾಗೇನೂ ಇಲ್ಲ. ಮದುವೆ ನಡೆದ ಊರು, ಇಬ್ಬರೂ ಕೊನೆಯದಾಗಿ ಒಟ್ಟಿಗಿದ್ದ ಊರು, ಎದುರು ಪಕ್ಷದವರು ಇರುವ ಊರು, ಇದರಲ್ಲಿ ಎಲ್ಲಿ ಬೇಕಾದರೂ ಹಾಕಬಹುದು. ಅರ್ಜಿ ಹೆಂಡತಿಯದಾದರೆ ಅವಳು ಈಗ ಇರುವ ಊರಿನಲ್ಲೂ ಹಾಕಬಹುದು. 2003ರ ತಿದ್ದುಪಡಿ ಕೊಟ್ಟ ಅನುಕೂಲ ಅದು, ತವರಿಗೆ ಬಂದು ಕೂತ ಎಷ್ಟೋ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ಉಳಿಸಿದೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ಊರಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ನಡೆಯುತ್ತದೆ. ಬೆಂಗಳೂರಿನಲ್ಲಿ ನಡೆದಿದ್ದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ವಿಚಾರಿಸಲು ಹೇಳು. ನಡುವೆ ವರ್ಗಾವಣೆಯಾಗಿದ್ದರೆ ನಂಬರೂ ಬದಲಾಗಿರುತ್ತದೆ. ಹಳೇ ನಂಬರು ಹಿಡಿದು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಕಲು ತೆಗೆಸುವುದು ದೊಡ್ಡ ವಿದ್ಯೆಯೇನಲ್ಲ. ಅರ್ಜಿಯಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ಇಬ್ಬರ ಹೆಸರು, ವಿಲೇವಾರಿಯಾದ ದಿನ, ಏನೇನು ಬೇಕು ಎಂದು ಬರೆದು ಕೋರ್ಟ್ ಫೀ ಸ್ಟಾಂಪ್ ಹಚ್ಚಿ ಕೊಟ್ಟರೆ ಸಿ.ಎ. ನಂಬರ್, ಅಂದರೆ ನಕಲು ಅರ್ಜಿಯ ನಂಬರ್, ಕೊಡುತ್ತಾರೆ. ಪುಟದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ವಿಚ್ಛೇದನದ ಡಿಕ್ರಿಯಾದಾಗ ಇಬ್ಬರಿಗೂ ಒಂದೊಂದು ಪ್ರತಿ ಪುಕ್ಕಟೆ ಕೊಡಬೇಕು ಎಂದು ವಿವಾಹ ಕಾಯ್ದೆಯ 23ನೇ ಕಲಮಿನಲ್ಲಿದೆ; ಹಾಗಾಗಿ ಅವನ ಮನೆಯ ಬೀರುವಿನಲ್ಲೇ ಒಂದು ಇರಬೇಕು. ಕಳೆದುಹೋಗಿದೆ ಅಂದರೆ ಅದೇನೂ ಅಪರಾಧವಲ್ಲ, ಹೊಸದಾಗಿ ತೆಗೆಸಲಿ. ಹೊಸ ಕೇಸಾದರೆ ಕಡತ ಅದೇ ಕೋರ್ಟಿನ ಕಚೇರಿಯಲ್ಲಿರುತ್ತದೆ, ಹಳೆಯದಾದರೆ ರೆಕಾರ್ಡ್ ರೂಮಿನಿಂದ ಬರಬೇಕು, ಆಗ ತಡವಾಗುತ್ತದೆ. "ಕಡತ ಇಲ್ಲಿಲ್ಲ, ಹೈಕೋರ್ಟಿಗೆ ಹೋಗಿದೆ" ಎಂಬ ಉತ್ತರ ಬಂತು ಅಂತ ಹುಡುಗ ಹೇಳಿದರೆ ಮಾತ್ರ ಕಿವಿ ನೆಟ್ಟಗೆ ಮಾಡು. ಕೆಳ ಕೋರ್ಟಿನ ಕಡತ ಮೇಲಕ್ಕೆ ಹೋಗುವುದು ಬಹುಮಟ್ಟಿಗೆ ಅಪೀಲು ಆದಾಗಲೇ.

ನಂಬರೇ ಗೊತ್ತಿಲ್ಲದಿದ್ದರೂ ದಾರಿ ಇದೆ. ಒಮ್ಮೆ ಒಬ್ಬ ಹೆಂಗಸು ಪಾಸ್‌ಪೋರ್ಟಿಗೆ ಬೇಕೆಂದು ಬಂದರು. ವಕೀಲರು ತೀರಿಕೊಂಡಿದ್ದರು, ಕೈಯಲ್ಲಿ ಒಂದು ಚೂರು ಕಾಗದವಿಲ್ಲ. "ತೀರ್ಪು ಬಂದಾಗ ಗೌರಿ ಹಬ್ಬ ಹತ್ತಿರ ಇತ್ತು, ಆ ವರ್ಷ ಬಾಗಿನ ಯಾರಿಗೂ ಕೊಡಲಿಲ್ಲ, ಮಗಳು ಎರಡನೇ ಕ್ಲಾಸು" ಅಂದರು. ಮಗಳ ವಯಸ್ಸಿನಿಂದ ವರ್ಷ ಹಿಡಿದು, ಹಬ್ಬದಿಂದ ತಿಂಗಳು ಹಿಡಿದು, ವಿಲೇವಾರಿ ರಿಜಿಸ್ಟರಿನಲ್ಲಿ ಆಗಸ್ಟ್, ಸೆಪ್ಟೆಂಬರ್ ಪುಟ ತಿರುವಿದೆವು. ಊಟದ ಹೊತ್ತಿಗೆ ಹೆಸರು ಸಿಕ್ಕಿತು.

ಈಗ ನಕಲು ಕೈಗೆ ಬಂದ ಮೇಲೆ ಓದುವುದು ಹೇಗೆ ಅಂತ ಹೇಳುತ್ತೇನೆ. ಎಲ್ಲರೂ ಮೊದಲ ಪುಟ ನೋಡುತ್ತಾರೆ, ನೀನು ಕೊನೆಯ ಪುಟದ ಹಿಂಬದಿ ತಿರುಗಿಸು. ಅಲ್ಲೊಂದು ರಬ್ಬರ್ ಸ್ಟಾಂಪು ಒತ್ತಿ, ಅರ್ಜಿ ಕೊಟ್ಟ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ಪೆನ್ನಿನಲ್ಲಿ ತುಂಬಿರುತ್ತಾರೆ. ನಕಲು ಮಾಡಿದವರ, ಮೂಲದೊಡನೆ ಹೋಲಿಸಿ ನೋಡಿದವರ ಚಿಕ್ಕ ಸಹಿಗಳಿರುತ್ತವೆ. ನನ್ನ ಚಿಕ್ಕ ಸಹಿ ಎಷ್ಟು ಜನರ ಟ್ರಂಕಿನಲ್ಲಿದೆಯೋ! ಆ ದಿನಾಂಕಗಳು ಶೋಕಿಗಲ್ಲ. ಅಪೀಲಿನ ಗಡುವು ಲೆಕ್ಕ ಹಾಕುವಾಗ ನಕಲಿಗೆ ಹಿಡಿದ ದಿನಗಳನ್ನು ಕಳೆಯಬೇಕು ಎಂದು ಕಾಲಮಿತಿ ಕಾಯ್ದೆಯಲ್ಲಿದೆ. ಕೋರ್ಟಿನ ಮೊಹರು, ಅಧಿಕಾರಿಯ ಸಹಿ ಇರಬೇಕು. ಇವಿಲ್ಲದ ಬರೀ ಜೆರಾಕ್ಸನ್ನು, ಫೋನಿನ ಫೋಟೋವನ್ನು ನೆಚ್ಚಬೇಡ.

ಆಮೇಲೆ ಮೊದಲ ಪುಟಕ್ಕೆ ಬಾ. ಯಾವ ಕಲಮಿನಡಿ ಅರ್ಜಿ ಎಂದು ಬರೆದಿರುತ್ತದೆ. 13 ಎಂದರೆ ಒಬ್ಬರು ಹಾಕಿ ಇನ್ನೊಬ್ಬರು ಎದುರಿಸಿದ್ದು. 13-ಬಿ ಎಂದರೆ ಇಬ್ಬರೂ ಒಪ್ಪಿ ಹಾಕಿದ್ದು. 10 ಎಂದಿದ್ದರೆ ಅದು ನ್ಯಾಯಿಕ ಬೇರ್ಪಡೆ ಅಷ್ಟೇ ರೂಪಾ, ಬೇರೆ ಇರಲು ಅನುಮತಿ. ಮದುವೆ ಹಾಗೇ ಇದೆ. ಇದೇ ಡೈವೋರ್ಸ್ ಎಂದುಕೊಂಡು ಮಗಳನ್ನು ಕೊಡಲು ಹೊರಟ ವಿದ್ಯಾವಂತರೂ ಇದ್ದಾರೆ. 13-ಬಿಯಲ್ಲೂ ಎರಡು ಹಂತ ಉಂಟು. ಮೊದಲು ಅರ್ಜಿ, ಸಾಮಾನ್ಯವಾಗಿ ಆರು ತಿಂಗಳು ಕಾದು ಮತ್ತೆ ಇಬ್ಬರೂ ಬಂದು ಹೇಳಬೇಕು (ತಕ್ಕ ಪ್ರಕರಣದಲ್ಲಿ ಆ ಕಾಯುವಿಕೆ ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ). ಮಧ್ಯಸ್ಥಿಕೆ ಕೇಂದ್ರದ ರಾಜಿ ಪತ್ರವನ್ನೋ ಮೊದಲ ದಿನದ ಆದೇಶ ಪತ್ರಿಕೆಯನ್ನೋ ತೋರಿಸಿ "ಆಗಿಹೋಯ್ತು" ಅಂದರೆ ಆಗಿಲ್ಲ. ತೀರ್ಪಿನ ಕೊನೆಯಲ್ಲಿ, ಇಂಥ ದಿನ ಇಂಥಲ್ಲಿ ನಡೆದ ಮದುವೆಯನ್ನು ವಿಸರ್ಜಿಸಲಾಗಿದೆ ಎಂಬ ಮಾತು ಇರಬೇಕು, ಅದೇ ಮಾತು ಡಿಕ್ರಿಯಲ್ಲೂ ಇರಬೇಕು.

ಛಾಪಾ ಕಾಗದದ ಮೇಲೆ ನೋಟರಿ ಮುಂದೆ ಸಹಿ ಹಾಕಿದ ಬಿಡುಗಡೆ ಪತ್ರ ತಂದು ತೋರಿಸಿದರೆ ಅಲ್ಲಿಗೇ ಮಾತು ನಿಲ್ಲಿಸು. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿಯ ವಿಚ್ಛೇದನವನ್ನು 29ನೇ ಕಲಮು ಉಳಿಸಿಕೊಂಡಿದೆ, ಸುಳ್ಳಲ್ಲ. ಆದರೆ ಆ ರೂಢಿ ಇತ್ತೆಂದು ಸಾಬೀತು ಮಾಡುವ ತಾಪತ್ರಯ ನಿನ್ನ ತಲೆ ಮೇಲೆ ಬರುವುದು ಬೇಡ. ಇನ್ನು ನೀನು ಫೋನಿನಲ್ಲಿ ಹೇಳುತ್ತಿದ್ದ "ಡೈವೋರ್ಸ್ ಸರ್ಟಿಫಿಕೇಟ್" ಅಂತ ಬೇರೆ ಕಾಗದ ಈ ಕೋರ್ಟುಗಳಲ್ಲಿ ಕೊಡುವುದಿಲ್ಲ. ಡಿಕ್ರಿಯೇ ಎಲ್ಲ. ಮುಂದೆ ವಿದೇಶಕ್ಕೆ ಹೋಗುವ ಮಾತಿದ್ದರೆ ಅಪೋಸ್ಟಿಲ್ ಮೊಹರು (ಕಾಗದ ಹೊರದೇಶದಲ್ಲೂ ನಡೆಯಲೆಂದು ಸರ್ಕಾರ ಹಾಕುವುದು) ಬೀಳುವುದೂ ಅದರ ಮೇಲೆಯೇ.

ತೀರ್ಪಿನಲ್ಲಿ "ಪ್ರತಿವಾದಿ ಗೈರುಹಾಜರು, ಏಕಪಕ್ಷೀಯ" ಎಂದಿದೆಯೇ ನೋಡು. ಇದ್ದರೆ ಆ ಮೊದಲ ಹೆಂಡತಿಗೆ ಸಮನ್ಸ್ ಹೇಗೆ ಜಾರಿಯಾಯಿತು ಎನ್ನುವುದು ಮುಖ್ಯ. ಸರಿಯಾಗಿ ಜಾರಿಯಾಗಿರದಿದ್ದರೆ, ವಿಷಯ ತಿಳಿದಂದಿನಿಂದ 30 ದಿನದೊಳಗೆ ಬಂದು ಡಿಕ್ರಿ ರದ್ದು ಮಾಡಿ ಎಂದು ಅವಳು ಕೇಳಬಹುದು. ಅಂಥ ಕಾಗದವಾದರೆ ನೀನು ಒಬ್ಬಳೇ ತೀರ್ಮಾನ ಮಾಡಬೇಡ, ಆದೇಶ ಪತ್ರಿಕೆಯ ನಕಲನ್ನೂ ತರಿಸಿ ವಕೀಲರಿಗೆ ತೋರಿಸು.

ಹಣದ ಮಾತು, ಮಗುವಿನ ಮಾತು ಇದ್ದರೆ ಎರಡು ಸಲ ಓದು. ಜೀವನಾಂಶ ಒಂದೇ ಗಂಟೋ ತಿಂಗಳು ತಿಂಗಳೋ, ಮಗು ಯಾರ ಹತ್ತಿರ, ರಜೆಯಲ್ಲಿ ಯಾರ ಮನೆಗೆ. ಅದು ಮುಂದೆ ನಿನ್ನ ಮನೆಯ ತಿಂಗಳ ಖರ್ಚಿಗೂ ಬೇಸಿಗೆ ರಜಕ್ಕೂ ಸಂಬಂಧಿಸಿದ್ದು. ಮಗು ಇದ್ದರೆ ಅದರ ಮೇಲೆ ಮುನಿಸು ಇಟ್ಟುಕೊಂಡು ಆ ಮನೆಗೆ ಕಾಲಿಡಬೇಡ. ಜೀವನಾಂಶ, ಕೌಟುಂಬಿಕ ದೌರ್ಜನ್ಯ, ವರದಕ್ಷಿಣೆಯ ಕೇಸುಗಳು ಬೇರೆ ನಂಬರಿನಲ್ಲಿ, ಬೇರೆ ಕೋರ್ಟಿನಲ್ಲಿ ಇರಬಹುದು. ವಿಚ್ಛೇದನ ಆಯಿತೆಂದು ಅವು ತಾವಾಗಿ ಮುಗಿಯುವುದಿಲ್ಲ. ಅವುಗಳ ಗತಿ ಏನಾಯಿತು ಎಂದೂ ಕೇಳು.

ಆದರೆ ಕೇಳಿಲ್ಲಿ. ಅರ್ಜಿಯಲ್ಲಿ ಬರೆದದ್ದೆಲ್ಲ ನಡೆದದ್ದಲ್ಲ. ಕ್ರೌರ್ಯ ಎಂಬ ಕಾರಣ ಹೇಳಿದ ಮೇಲೆ ವಕೀಲರು ಅದಕ್ಕೆ ತಕ್ಕ ಹಾಗೆ ಬರೆಯಲೇಬೇಕು. ಎರಡೂ ಕಡೆಯದು ಓದಿದರೆ ಗಂಡನೂ ರಾಕ್ಷಸ, ಹೆಂಡತಿಯೂ ರಾಕ್ಷಸಿ. ನ್ಯಾಯಾಧೀಶರು ಯಾವುದನ್ನು ನಂಬಿದರು, ಯಾಕೆ ನಂಬಿದರು ಅನ್ನುವ ಭಾಗ ಮಾತ್ರ ಲೆಕ್ಕಕ್ಕೆ. ಅಲ್ಲಿ ಹೊಡೆತ ಬಡಿತ ಸಾಬೀತಾಗಿದೆ ಎಂದು ಬರೆದಿದ್ದರೆ, ಹುಡುಗ ಎಷ್ಟೇ ಮೆತ್ತಗೆ ಮಾತಾಡಲಿ, ನಾನು ಈ ಮದುವೆಗೆ ಬರುವುದಿಲ್ಲ. ಬರೀ ಹೊಂದಾಣಿಕೆಯಾಗದೆ ಬೇರೆಯಾಗಿದ್ದರೆ ಅದನ್ನು ದೊಡ್ಡದು ಮಾಡುವ ನಿನ್ನ ಅಪ್ಪನಿಗೆ ನಾನೇ ಹೇಳುತ್ತೇನೆ.

ಕೇಳಿದರೆ ಬೇಜಾರು ಮಾಡಿಕೊಂಡಾನು ಅಂತ ಹೆದರಬೇಡ. ನೇರವಾಗಿ ಕೇಳಿದ್ದಕ್ಕೆ "ನಂಬಿಕೆ ಇಲ್ಲವಾ" ಎಂದು ಮುಖ ಗಂಟಿಕ್ಕಿದರೆ, ಅದೂ ನಿನಗೆ ಸಿಕ್ಕ ಒಂದು ಮಾಹಿತಿಯೇ.

ಇನ್ನೊಂದು. ಡಿಕ್ರಿ ಆದ ಮಾರನೇ ದಿನವೇ ಮರುಮದುವೆ ಆಗುವ ಹಾಗಿಲ್ಲ. 15ನೇ ಕಲಮಿನ ಪ್ರಕಾರ ಅಪೀಲಿನ ಗಡುವು ಅಪೀಲಿಲ್ಲದೆ ಮುಗಿದಿರಬೇಕು, ಅಪೀಲು ಹಾಕಿದ್ದರೆ ವಜಾ ಆಗಿರಬೇಕು. ವಿವಾಹ ಕಾಯ್ದೆಯಲ್ಲಿ ಆ ಗಡುವು 90 ದಿನ. ಇಬ್ಬರೂ ಒಪ್ಪಿ ಪಡೆದ ಡಿಕ್ರಿಗೆ ಅಪೀಲಿಲ್ಲ ಎಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿದೆ. ದಾವಣಗೆರೆ ಕಡೆಯ ಅಪೀಲು ಬೆಂಗಳೂರಿನ ಹೈಕೋರ್ಟಿಗೆ ಬರುತ್ತದೆ. ಕೇಸು ಉತ್ತರ ಕರ್ನಾಟಕದ ಕೋರ್ಟಿನಲ್ಲಿ ನಡೆದಿದ್ದರೆ ಧಾರವಾಡ ಇಲ್ಲವೇ ಕಲಬುರಗಿ ಪೀಠದಲ್ಲಿ ನೋಡಬೇಕು. ಹೈಕೋರ್ಟಿನ ಜಾಲತಾಣದಲ್ಲಿ ಇಬ್ಬರ ಹೆಸರೂ ಹಾಕಿ ಎಂ.ಎಫ್.ಎ. (ಇಂಥ ಅಪೀಲಿಗೆ ಅಲ್ಲಿ ಬೀಳುವ ನಂಬರು) ಏನಾದರೂ ಇದೆಯೇ ನೋಡು, ಗಡುವಿನ ಲೆಕ್ಕವನ್ನು ವಕೀಲರ ಕೈಲಿ ಹಾಕಿಸು. ನಿನ್ನ ಅಮ್ಮ ಆಗಲೇ ಛತ್ರ ವಿಚಾರಿಸುತ್ತಿದ್ದಾಳಂತೆ. ಈ ಲೆಕ್ಕ ಮುಗಿಯುವವರೆಗೆ ಮುಂಗಡ ಕೊಡಬೇಡಿ ಎಂದು ಅವಳಿಗೆ ನೀನೇ ಹೇಳು, ನಾನು ಹೇಳಿದರೆ ಅಕ್ಕ ಅಡ್ಡಗಾಲು ಹಾಕಿದಳು ಅಂತಾಳೆ.

ಇಂತಿ ನಿನ್ನ ದೊಡ್ಡಮ್ಮ