ಕಾಳಿಯ ಕಲ್ಲಿನಿಂದ ಶುರು ಮಾಡು

ಚಿರಂಜೀವಿ ಸುಮಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ದೊಡ್ಡಪ್ಪನ ಮಂಡಿ ನೋವು ಈಗ ಎಷ್ಟೋ ವಾಸಿ.

ಆರನೇ ತರಗತಿಗೆ ಕನ್ನಡ, ಸಮಾಜ ಎರಡೂ ನಿನ್ನ ತಲೆಗೇ ಕಟ್ಟಿದ್ದಾರೆ ಅಂತ ಫೋನಿನಲ್ಲಿ ಬೇಜಾರು ಮಾಡಿಕೊಂಡೆ. ಪ್ರಬಂಧ ಅಂದರೆ ಮಕ್ಕಳು ಗೈಡ್ ನೋಡಿ ಇಳಿಸುತ್ತಾರೆ, ಇತಿಹಾಸ ಅಂದರೆ ಇಸವಿ ಉರು ಹೊಡೆಯುತ್ತಾರೆ, ಎರಡಕ್ಕೂ ಪಿರಿಯಡ್ ಸಾಲಲ್ಲ ಅಂದೆ. ಎರಡೂ ಒಬ್ಬರ ಕೈಗೆ ಬಂದಿರುವುದು ಅದೃಷ್ಟ ಕಣಮ್ಮ. ಸೇರಿಸಿ ಕಲಿಸು. ಮಕ್ಕಳಿಗೆ ಬರೆಯೋಕೆ ಬರಲ್ಲ ಅಂತ ನಾವು ದೂರುತ್ತೇವೆ. ಬರೆಯುವಂಥದ್ದು ಏನನ್ನಾದರೂ ಅವರ ಕೈಗೆ ಕೊಟ್ಟಿದ್ದೇವಾ? ಇತಿಹಾಸ ಅದನ್ನು ಕೊಡುತ್ತದೆ.

ಆದರೆ 'ಗಂಗರ ಬಗ್ಗೆ ಬರೆಯಿರಿ' ಅಂತ ಮಾತ್ರ ಹೇಳಬೇಡ. ಹನ್ನೊಂದು ವರ್ಷದ ಮಗುವಿನ ಕಣ್ಣಿಗೆ ಗಂಗರು ಅಂದರೆ ಏನು ಕಾಣಬೇಕು? ಒಂದು ಕಲ್ಲು ತೋರಿಸು. ನೀನಿರುವುದು ಮದ್ದೂರು ತಾಲ್ಲೂಕು. ಆತಕೂರು ನಿಮ್ಮ ತಾಲ್ಲೂಕಿನದೇ ಊರು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಯಾಕೆ? ಅಲ್ಲಿ ಸಿಕ್ಕ ಶಾಸನ ಕ್ರಿ.ಶ. 949-50ರದ್ದು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೊಂದು ಕಾಡುಹಂದಿಯ ಜೊತೆ ಕಾದಾಡುವ ಚಿತ್ರ, ಜೊತೆಗೆ ಹಳಗನ್ನಡದ ಬರಹ.

ಕಥೆ ನಿನಗೆ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ಯುದ್ಧ. ಗಂಗರ ಇಮ್ಮಡಿ ಬೂತುಗ ಕೃಷ್ಣನ ಕಡೆ. ರಾಜಾದಿತ್ಯ ಸತ್ತ. ಬೂತುಗನ ಕೈಕೆಳಗಿನ ಮಣಲೇರ ಎಂಬ ವೀರ ಚೆನ್ನಾಗಿ ಹೋರಾಡಿದ್ದ. ಒಡೆಯ ಮೆಚ್ಚಿ 'ಬೇಕಾದ್ದು ಕೇಳು' ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆಮೇಲೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ಆ ನೆನಪಿಗೆ ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನೆಟ್ಟು, ಅದರ ಪೂಜೆಗೆ ಭೂಮಿ ಬಿಟ್ಟರು.

ಇದನ್ನೆಲ್ಲ ಮೊದಲೇ ಹೇಳಿಬಿಡಬೇಡ. ಕಲ್ಲಿನ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗುಂಪಿಗೊಂದು ಕೊಡು. ಸ್ವಲ್ಪ ಹೊತ್ತು ಸುಮ್ನೆ ನೋಡಲಿ. ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಲಿ. ಒಬ್ಬರಲ್ಲ ಒಬ್ಬರು 'ನಾಯಿ ತುಂಬಾ ಧೈರ್ಯಶಾಲಿ' ಅಂತ ಬರೆದೇ ಬರೆಯುತ್ತಾರೆ. ಆಗ ಮೆಲ್ಲಗೆ ಕೇಳು: 'ಹೇಗೆ ಗೊತ್ತು?' ಮಗು ಮತ್ತೆ ಫೋಟೊ ನೋಡುತ್ತದೆ. 'ಹಂದಿ ಅಷ್ಟು ದೊಡ್ಡದಿದ್ದರೂ ಹಿಂದೆ ಸರಿದಿಲ್ಲ ಮಿಸ್' ಅನ್ನುತ್ತದೆ. ಹಾಗಾದರೆ ಅದನ್ನೇ ಬರಿ ಅನ್ನು. ಇಡೀ ವರ್ಷ ನೀನು ಈ ಒಂದು ಪ್ರಶ್ನೆ ಕೇಳುತ್ತಾ ಹೋದರೂ ಸಾಕು. ಇತಿಹಾಸಕ್ಕೂ ಅದೇ ಬೇಕು, ಬರವಣಿಗೆಗೂ ಅದೇ ಬೇಕು.

ಮಾರನೆಯ ದಿನ ಕಥೆ ಹೇಳು. ಮೊದಲು, ಆಮೇಲೆ, ಅಷ್ಟರಲ್ಲಿ, ಅದಕ್ಕೇ — ಈ ಮಾತುಗಳನ್ನು ಬೋರ್ಡಿನ ಮೇಲೆ ಬರೆದಿಟ್ಟು, ನಡೆದದ್ದನ್ನು ಸಾಲಾಗಿ ಬರೆಸು. ಕೊನೆಗೆ, ಮಣಲೇರ ಚಿನ್ನ ಬಿಟ್ಟು ನಾಯಿ ಯಾಕೆ ಕೇಳಿದ ಅಂತ ಕೇಳು. ಶಾಸನ ಅದನ್ನು ಹೇಳುವುದಿಲ್ಲ. ಮಕ್ಕಳು ಊಹಿಸಲಿ. ಆದರೆ ಊಹೆಯ ವಾಕ್ಯ 'ನನಗನ್ನಿಸುವುದು' ಅಂತಲೇ ಶುರುವಾಗಬೇಕು. ಕಲ್ಲು ಹೇಳಿದ್ದು ಯಾವುದು, ನಾನು ಹೇಳುತ್ತಿರುವುದು ಯಾವುದು ಅನ್ನುವ ಗೆರೆ ಅಳಿಸಬಾರದು.

ಇನ್ನೊಂದು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು ಅಂತಷ್ಟೇ ಹೇಳಿ ಶಾಸನ ಮುಂದೆ ಹೋಗುತ್ತದೆ. ಒಂದು ಅಯ್ಯೋ ಇಲ್ಲ, ಹೊಗಳಿಕೆ ಇಲ್ಲ. ಆದರೂ ಓದಿದವರ ಮನಸ್ಸಿಗೆ ತಟ್ಟುತ್ತದೆ ಅಲ್ವಾ? 'ಇವರ ತ್ಯಾಗ ಅಜರಾಮರ' ಅಂತ ಗೈಡ್ ಭಾಷೆಯಲ್ಲಿ ಮುಗಿಸುವ ಮಕ್ಕಳಿಗೆ ಇದನ್ನು ಜೋರಾಗಿ ಓದಿ ತೋರಿಸು.

ಆಮೇಲೆ ಅವರ ಮನೆಯ ಅಜ್ಜಿ ತಾತಂದಿರ ಹತ್ತಿರ ಕಳಿಸು. 'ಆಗಿನ ಕಾಲ ಹೇಗಿತ್ತು' ಅಂತ ಕೇಳಿದರೆ 'ಚೆನ್ನಾಗಿತ್ತು ಮಗ' ಅಂತ ಮುಗಿಸಿಬಿಡುತ್ತಾರೆ. ಚಿಕ್ಕ ಪ್ರಶ್ನೆ ಹೇಳಿಕೊಡು. ನಿಮ್ಮ ಕಡೆ ಆಲೆಮನೆ ಕಾಣದ ಮನೆ ಯಾವುದಿದೆ? ಗಾಣಕ್ಕೆ ಕಬ್ಬು ಕೊಡುತ್ತಿದ್ದವರು ಯಾರು? ಕೊಪ್ಪರಿಗೆ ಇಳಿಸುವ ಹೊತ್ತು ಅಂತ ಹೇಗೆ ತಿಳಿಯುತ್ತಿತ್ತು? ಕೂಲಿ ದುಡ್ಡಿನಲ್ಲೋ ಬೆಲ್ಲದಲ್ಲೋ? ಅಜ್ಜಿ ಆಡಿದ ಮಾತನ್ನು ಮಂಡ್ಯದ ಮಾತಿನಲ್ಲೇ ಇಳಿಸಲಿ, ತಿದ್ದಬೇಡ. ಒಂದೇ ಆಲೆಮನೆ ಬಗ್ಗೆ ಇಬ್ಬರು ಅಜ್ಜಿಯರು ಎರಡು ಥರ ಹೇಳಿದರೆ ಗಾಬರಿಯಾಗಬೇಡ, ಖುಷಿಪಡು. ಯಾಕೆ ಬೇರೆ ಬೇರೆ ಇದೆ ಅಂತ ಮಕ್ಕಳೇ ಬರೆಯಲಿ. ಒಬ್ಬರು ಒಡೆಯನ ಮನೆಯವರು, ಇನ್ನೊಬ್ಬರು ಒಲೆಗೆ ಸೋಗೆ ಹಾಕಿದವರು ಇರಬಹುದು.

ಇಲ್ಲಿ ಒಂದು ಎಚ್ಚರ ಬೇಕಮ್ಮ. ಕೆಲವು ಮನೆಗಳಿಂದ ಹಸಿವಿನ ಮಾತು ಬರುತ್ತದೆ, ಬೇರೆ ಲೋಟ ಇಟ್ಟ ಮಾತು ಬರುತ್ತದೆ. ಅದನ್ನು 'ಅದೆಲ್ಲ ಬೇಡ' ಅಂತ ಹೊಡೆದುಹಾಕಬೇಡ. ಅದೂ ಇತಿಹಾಸವೇ. ಆದರೆ ಆ ಮಗುವನ್ನು ಕೇಳದೆ ತರಗತಿಯ ಮುಂದೆ ಓದಿಸಬೇಡ. ಮೊದಲು ನೀನೊಬ್ಬಳೇ ಓದು. ಇದರಲ್ಲಿ ಮಾತ್ರ ಅವಸರ ಬೇಡ.

ಕಲ್ಪನೆ ಬೇಡವಾ ಅಂತ ಕೇಳುತ್ತೀಯ. ಬೇಕು. ಶಿವಪುರ ಹತ್ತಿರದಲ್ಲೇ ಇದೆ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಧ್ವಜ ಹಾರಿಸಬಾರದು ಅಂತ ನಿಷೇಧಾಜ್ಞೆ ಇದ್ದರೂ ಕಾಂಗ್ರೆಸ್ ನಾಯಕ ಟಿ. ಸಿದ್ದಲಿಂಗಯ್ಯನವರು ಮುಂದೆ ನಿಂತರು. ಮಕ್ಕಳನ್ನು ಅದರ ನೆನಪಿಗೆ ಅಲ್ಲಿ ಕಟ್ಟಿರುವ ಸತ್ಯಾಗ್ರಹ ಸೌಧಕ್ಕೆ ಕರೆದುಕೊಂಡು ಹೋಗು. ಬಂದ ಮೇಲೆ, ಆ ಜನಜಂಗುಳಿಯಲ್ಲಿದ್ದ ಒಬ್ಬ ಹುಡುಗ ಅಥವಾ ಹುಡುಗಿ ತನ್ನ ಅಕ್ಕನಿಗೆ ಬರೆದ ಕಾಗದ ಬರೆಸು. ಕಾಗದದಲ್ಲಿ ನಿಜವಾದ ಮೂರು ಸಂಗತಿ ಇರಲೇಬೇಕು, ಎಲ್ಲಿಂದ ತಿಳಿಯಿತು ಅಂತ ಹೇಳಲು ಬರಬೇಕು. ಗಾಂಧೀಜಿ ಅಲ್ಲಿಗೆ ಬಂದು ಭಾಷಣ ಮಾಡಿದರು ಅಂತ ಯಾರಾದರೂ ಬರೆದರೆ ಪಕ್ಕದ ಮಕ್ಕಳೇ ಹಿಡಿಯುತ್ತಾರೆ ನೋಡು.

ತಿದ್ದುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಸಲ ಕೆಂಪು ಇಂಕು ಮುಟ್ಟಲೇಬೇಡ. ಅಂಚಿನಲ್ಲಿ ಒಂದೆರಡು ಪ್ರಶ್ನೆ ಬರೆ, ವಾಪಸ್ ಕೊಡು. ಒತ್ತಕ್ಷರ, ಅಕಾರ ಹಕಾರ ಎಲ್ಲ ಎರಡನೇ ಸಲ ಬರೆಯುವಾಗ. ಕನ್ನಡ, ಸಮಾಜ ಎರಡು ಪಿರಿಯಡ್ ಒಟ್ಟಿಗೆ ಬರುವ ಹಾಗೆ ವೇಳಾಪಟ್ಟಿ ಮಾಡಿಸಿಕೊಳ್ಳೋಕೆ ಹೆಡ್‌ಮಾಸ್ಟರ ಹತ್ತಿರ ಈಗಲೇ ಮಾತಾಡು. ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಗೂ ಇದೇ ಬರಹ ತೋರಿಸಬಹುದು ಅಂತ ಹೇಳು, ಒಪ್ಪುತ್ತಾರೆ.

ದಸರಾ ರಜೆಗೆ ಬರುವಾಗ ಮಕ್ಕಳು ಬರೆದದ್ದರಲ್ಲಿ ಕೆಲವು ಹಾಳೆ ತೆಗೆದುಕೊಂಡು ಬಾ. ಚೆನ್ನಾಗಿ ಬರೆದವರದ್ದು ಬೇಡ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೋ ಅಂಥವರದ್ದು ತಾ. ಇಬ್ಬರೂ ಕೂತು ಓದೋಣ.

ಇಂತಿ ನಿನ್ನ
ದೊಡ್ಡಮ್ಮ