ಮತ್ತೆ ಮಷಿನ್ ಮುಂದೆ ಕೂತೆ

ನಾಲ್ಕು ತಿಂಗಳಾದ ಮೇಲೆ ನಿನ್ನೆ ಹೊಲಿಗೆ ಮಷಿನ್ ಮುಂದೆ ಕೂತೆ. ಬರೀ 20 ನಿಮಿಷ. ಬಲಗಾಲು ಪೆಡಲ್ ಒತ್ತಿತು, ಕಣ್ಣಲ್ಲಿ ನೀರು ಬಂತು. ಸೊಂಟದ ನೋವು ಜೋರಾಗಿ, ಪಾದದ ಶಕ್ತಿಯೂ ಕುಂದಿ, ಇಷ್ಟು ದಿನ ಹೊಲಿಗೆ ಬಿಟ್ಟಿದ್ದೆ.

ಬೆನ್ನನ್ನು ಕೈಯಿಂದ ಒತ್ತಿ, ತಿರುಚಿ ಟಕ್ ಅನ್ನಿಸುವ ಕೈರೋಪ್ರಾಕ್ಟಿಕ್ ಚಿಕಿತ್ಸೆಗೆ ಬೆಂಗಳೂರಿಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದೆ. ನಮ್ಮ ಗಂಗಾವತಿಯ ಫಿಸಿಯೋಥೆರಪಿ ಮೇಡಂ ತಡೆದರು. "ಪಾದದ ಶಕ್ತಿ ಕಡಿಮೆ ಆಗಿದೆ, ಈಗ ಬೆನ್ನು ತಿರುಚಿಸಿಕೊಳ್ಳಬೇಡಿ. ಮೊದಲು ಎಂಆರ್‌ಐ ಸ್ಕ್ಯಾನ್ ಆಗಲಿ" ಅಂದರು. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚನೆ ಎಣ್ಣೆ ನಿಲ್ಲಿಸಿದ ಆಯುರ್ವೇದ ಡಾಕ್ಟರ್, ಬ್ಲೌಸ್ ತಡವಾದರೂ ಬೈಯದ ಗಿರಾಕಿಗಳು, ನೀರು ತುಂಬಿಕೊಟ್ಟ ಓಣಿಯ ಹುಡುಗರು, ಎಲ್ಲರಿಗೂ ಕೈಮುಗಿದೆ.

ಉಳಿದದ್ದು ನನ್ನ ನೆಗೆಣ್ಣಿಯ ಮಾತು.

ಕರೆಂಟ್ ಹೋಗಿದ್ದ ಆ ರಾತ್ರಿ ಮಲಗಿದರೂ ಆಗದು, ಕೂತರೂ ಆಗದು. ಅವಳು ನೆಲದ ಮೇಲೆ ಕೂತು ನನ್ನ ಎರಡೂ ಮೀನಖಂಡ ತನ್ನ ತೊಡೆ ಮೇಲೆ ಇಟ್ಟುಕೊಂಡಳು. ಮಂಡಿ ಮಡಿಸಿ ಹಾಗೆ ಎತ್ತಿಟ್ಟರೆ ನೋವು ಸ್ವಲ್ಪ ತಗ್ಗುತ್ತಿತ್ತು. ಬೆಳಕು ಹರಿಯುವವರೆಗೂ ಅಲುಗಾಡಲಿಲ್ಲ. ಗಂಟೆಗೊಮ್ಮೆ ಮಾತ್ರ ಕೇಳುತ್ತಿದ್ದಳು: "ಅಕ್ಕಾ, ಕಾಲಿನ ಹೆಬ್ಬೆರಳು ಎತ್ತು ನೋಡೋಣ. ತೊಡೆ ಸಂದಿ ಜೋಮು ಹಿಡಿದೈತೇನು? ಒಂದಕ್ಕೆ ಬರ್ತೈತಾ?"

ನನಗೆ ಸಿಟ್ಟು ಬಂತು. "ಸುಮ್ನೆ ಇರು, ನಿನಗೇನು ಗೊತ್ತು ನನ್ನ ನೋವು" ಅಂದುಬಿಟ್ಟೆ. ಅದಕ್ಕಿಂತ ಕೆಟ್ಟದ್ದೂ ಅಂದೆ. ಸತ್ತರೆ ಸಾಕು ಅಂದೆ. ಅವಳು ಏನೂ ಅನ್ನಲಿಲ್ಲ. ಒಂದು ಗಂಟೆ ಬಿಟ್ಟು ಮತ್ತೆ ಕೇಳಿದಳು.

ವಾರದ ಮೇಲೆ ಗೊತ್ತಾಯಿತು. ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ತೊಡೆ ಸಂದಿ ಸ್ಪರ್ಶ ಕಳೆದುಕೊಂಡರೆ ಬೆಳಗಿನವರೆಗೆ ಕಾಯಬೇಡಿ, ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ತನ್ನಿ, ಇಲ್ಲದಿದ್ದರೆ ನರಕ್ಕೆ ಶಾಶ್ವತ ಪೆಟ್ಟು ಬೀಳಬಹುದು ಅಂತ ಡಾಕ್ಟರ್ ಅವಳಿಗೆ ಹೇಳಿದ್ದರಂತೆ. ನಾನು ಹೆದರುತ್ತೇನೆಂದು ನನಗೆ ಹೇಳಿರಲಿಲ್ಲ. ಆ ರಾತ್ರಿ ಪಕ್ಕದ ಮನೆಯವರ ಆಟೋ ನಮ್ಮ ಬಾಗಿಲಲ್ಲೇ ನಿಂತಿತ್ತು. ನನ್ನ ಫೈಲು ಅವಳ ಕಂಕುಳಲ್ಲೇ ಇತ್ತು. ಅಷ್ಟು ಭಯ ಒಬ್ಬಳೇ ನುಂಗಿಕೊಂಡು ಕೂತಿದ್ದಳು ಅಲ್ವಾ, ನಾನು ಬೈಯುತ್ತಿದ್ದೆ.

ಬೆಳಗ್ಗೆ ಏಳಲು ಹೋದಾಗ ಅವಳ ಕಾಲೇ ಜೋಮು ಹಿಡಿದು ಗೋಡೆ ಹಿಡಿದು ನಿಂತಳು. ಆಮೇಲೆ ಚಹಾ ಇಟ್ಟಳು.

ಈಗ ದಿನಾ ಬೆಳಗ್ಗೆ ಕಾಲುವೆ ದಂಡೆಯಲ್ಲಿ ಇಬ್ಬರೂ ನಡೆಯುತ್ತೇವೆ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡು ಅಂತ ಮೇಡಂ ಹೇಳಿದ್ದಾರೆ, ಗಡಿಯಾರ ನೋಡುವುದು ಅವಳ ಕೆಲಸ. ನಿನ್ನೆ ಕತ್ತರಿಸಿದ ಬಟ್ಟೆ ಅವಳ ಖಣದ ಕುಬಸದ್ದು. ತೋಳು ಒಂದು ಬಾಕಿ ಇದೆ, ಇವತ್ತು ಮುಗಿಸುತ್ತೇನೆ.