ತಟ್ಟೆ ತಂದ ಅಕ್ಕನಿಗೆ

ಮೊನ್ನೆ ಭಾನುವಾರ ಮದ್ದೂರಿನ ನಮ್ಮ ಪುಟ್ಟ ವಸ್ತುಸಂಗ್ರಹಾಲಯದ ಬಾಗಿಲು ಮತ್ತೆ ತೆಗೆದೆವು. ಆ ಮಳೆಯ ರಾತ್ರಿ ಒಳಗೆಲ್ಲ ನೀರು ನುಗ್ಗಿದ ಕಥೆ ನಿಮಗೆಲ್ಲ ಗೊತ್ತೇ ಇದೆ. ಹೆಂಚು ಹೊದಿಸಿದವರು, ದುಡ್ಡು ಕೊಟ್ಟವರು, ಸುಣ್ಣ ಬಳಿದ ಕಾಲೇಜು ಹುಡುಗರು, ಊಟ ಕಳಿಸಿದ ಹೋಟೆಲಿನವರು, ಎಲ್ಲರಿಗೂ ಕೈಮುಗಿದು ಥ್ಯಾಂಕ್ಸ್.

ಒಬ್ಬ ಅಕ್ಕನ ಬಗ್ಗೆ ಮಾತ್ರ ಜಾಸ್ತಿ ಬರೆಯಲೇಬೇಕು. ಹಿಂದಿನ ಬೀದಿಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹೆಸರು ಹಾಕಬೇಡ ಅಂದಿದ್ದಾರೆ.

ಆ ರಾತ್ರಿ ಕರೆಂಟ್ ಇರಲಿಲ್ಲ. ಮೈಸೂರು ಶೈಲಿಯ ಚಿತ್ರಗಳೆಲ್ಲ ಒದ್ದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಪೋಷಿಸಿದ ಕಲೆ ಇದು. ಸಫೇದ ಅನ್ನೋ ಬಿಳಿ ಪುಡಿಗೆ ಗೋಂದು ಕಲಸಿ, ಒಡವೆ, ಕಿರೀಟಗಳನ್ನು ತೆಳುವಾಗಿ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ನೀರು ತಾಗಿದರೆ ಆ ಗೋಂದು ಸಡಿಲ. ಒಂದರ ಮೇಲೊಂದು ಇಟ್ಟರೆ ಅಂಟಿಕೊಳ್ಳುತ್ತವೆ. ಬೆಂಕಿ ಹತ್ತಿರ ಹಿಡಿದರೆ ಬಿರುಕು. ಒಂದೊಂದನ್ನೂ ಮಲಗಿಸಿ ಗಾಳಿಗೆ ಬಿಡಬೇಕು. ನೆಲದ ತುಂಬ ನೀರು, ಎಲ್ಲಿ ಮಲಗಿಸೋದು?

ಅಕ್ಕ ಟಾರ್ಚ್ ಹಿಡಿದು ಬಂದರು. ನೋಡಿದರು, ಏನೂ ಹೇಳದೆ ವಾಪಸ್ ಹೋದರು. ಆಮೇಲೆ ಮಗನ ಜೊತೆ ಅಟ್ಟದ ಮೇಲಿದ್ದ, ಹುಳ ಸಾಕೋ ಹಳೇ ಬಿದಿರು ತಟ್ಟೆ, ಸ್ಟ್ಯಾಂಡು ಹೊತ್ತು ತಂದರು. ಹುಳಕ್ಕೂ ತೇವ ಆಗಲ್ಲ, ಗಾಳಿ ಆಡಬೇಕು. ಅವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ತಟ್ಟೆಗೆ ತಮ್ಮ ಹತ್ತಿ ಸೀರೆ ಹಾಸಿ, ತಟ್ಟೆಗೊಂದು ಚಿತ್ರ ಮಲಗಿಸಿದರು.

“ಮನೇಲಿ ಹುಳ ಯಾರು ನೋಡ್ಕೊತಾರಕ್ಕ?” ಅಂದೆ.

“ಜ್ವರಕ್ಕೆ ಕುಂತವೆ ಕಣಪ್ಪ, ಸೊಪ್ಪಾಕಂಗಿಲ್ಲ. ಬೆಳಗಂಟ ಇರ್ತೀನಿ.” (ಹುಳ ಪೊರೆ ಬಿಡೋದಕ್ಕೆ ನಮ್ಮ ಕಡೆ ಜ್ವರ ಅಂತಾರೆ.)

ಮೂರು ಗಂಟೆ ಹೊತ್ತಿಗೆ ಕೃಷ್ಣನ ಕಿರೀಟದ ಒಂದು ಚೂರು ಕಳಚಿ ನನ್ನ ಅಂಗೈಗೆ ಬಂತು. ಅಲ್ಲೇ ಕೂತು ಅತ್ತುಬಿಟ್ಟೆ. 20 ವರ್ಷ ಮನೆಮನೆ ಅಲೆದು ಕೇಳಿ ತಂದಿದ್ದವು. ನಂಬಿ ಕೊಟ್ಟವರ ಮುಖ ಹೇಗೆ ನೋಡಲಿ? ಬೀಗ ಹಾಕಿ ಎಲ್ಲಾ ಬಿಟ್ಟುಬಿಡೋಣ ಅನ್ನಿಸಿತ್ತು, ನಿಜವಾಗಿ. ಅಕ್ಕ ಸಮಾಧಾನದ ಮಾತೇನೂ ಆಡಲಿಲ್ಲ. ಬೆಂಕಿಪೊಟ್ಟಣ ಖಾಲಿ ಮಾಡಿ ಆ ಚೂರನ್ನು ಎತ್ತಿಟ್ಟರು. ಮುಂದಿನ ಚಿತ್ರ ಎತ್ಕೊ ಅಂದರು.

ಮೈಸೂರಿನ ಕಲಾವಿದರೊಬ್ಬರು ಅದೇ ಚೂರನ್ನು ಕಿರೀಟಕ್ಕೆ ಮತ್ತೆ ಕೂರಿಸಿಕೊಟ್ಟಿದ್ದಾರೆ. ಅವರಿಗೂ ಋಣಿ.

ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಅಕ್ಕ ಒಳಗೆ ಬಂದು ನೋಡಿರಲಿಲ್ಲ. ನಾನೂ ಕರೆದಿರಲಿಲ್ಲ, ಅದು ನನ್ನ ತಪ್ಪು. ಭಾನುವಾರ ಬಂದರು. 1938ರಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತಲ್ಲ, ಆ ಕಾಲದ ಒಂದು ಗುಂಪಿನ ಫೋಟೊ ನಮ್ಮಲ್ಲಿದೆ. ಅದರ ಮುಂದೆ ತುಂಬ ಹೊತ್ತು ನಿಂತರು. ಅವರ ತಾತ ಸತ್ಯಾಗ್ರಹಕ್ಕೆ ಹೋಗಿದ್ದರಂತೆ. ಒಂದೊಂದೇ ಮುಖದ ಮೇಲೆ ಬೆರಳಿಟ್ಟು ಹುಡುಕಿದರು, ಸಿಗಲಿಲ್ಲ.

ಮುಂದಿನ ವಾರ ಕನ್ನಡಕ ಹಾಕ್ಕೊಂಡು ಬರ್ತಾರಂತೆ.